ಕರ್ನಲ್ ಪರೀಕ್ಷೆಗೆ ಕಿವಿಯೂ ಬೇಕು

ಮಾನ್ಯ ಸಂಪಾದಕರೇ,

ಅಪ್‌ಡೇಟ್ ಬಂದ ಕೂಡಲೇ ಹಾಕಿಕೊಳ್ಳಿ ಎಂದು ನಿಮ್ಮ ತಂತ್ರಜ್ಞಾನ ಪುಟ ಸಲಹೆ ಕೊಟ್ಟಿದೆ. ಭದ್ರತೆಯ ದೃಷ್ಟಿಯಿಂದ ಅದು ಸರಿ, ತಕರಾರಿಲ್ಲ. ಆದರೆ ನನಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಪತ್ರಿಕೆಯನ್ನು ನನಗೆ ಓದಿ ಹೇಳುವುದು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿರುವ ಓರ್ಕಾ ಎಂಬ ಸ್ಕ್ರೀನ್ ರೀಡರ್. ಅಪ್‌ಡೇಟಿನಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಬದಲಾದ ಮೇಲೆ, ಧ್ವನಿಯ ಚಿಪ್ಪನ್ನು ನಡೆಸುವ ಆಡಿಯೊ ಡ್ರೈವರ್ ಕೈಕೊಟ್ಟರೆ ಬೇರೆಯವರಿಗೆ ಹಾಡು ನಿಲ್ಲುತ್ತದೆ, ನನಗೆ ಕಂಪ್ಯೂಟರೇ ನಿಲ್ಲುತ್ತದೆ.

ಕಳೆದ ಸಲ ಹೀಗಾದಾಗ ಪಕ್ಕದವರನ್ನು ಕರೆದು ಪರದೆ ಓದಿಸಿದೆ. ಸೌಂಡ್ ಕಾರ್ಡ್ ಪಟ್ಟಿಯಲ್ಲಿದೆ, ವಾಲ್ಯೂಮ್ ಪೂರ್ತಿ ಇದೆ, ಹಾಡಿನ ಸೆಕೆಂಡುಗಳೂ ಓಡುತ್ತಿವೆ ಎಂದರು. ಸದ್ದು ಮಾತ್ರ ಇಲ್ಲ. ಹೆಡ್‌ಫೋನ್ ಚುಚ್ಚಿದರೆ ಬರುತ್ತಿತ್ತು, ಕಿತ್ತರೆ ಮತ್ತೆ ಮೌನ.

ಒಂದೊಂದು ಮಾಡೆಲ್‌ನಲ್ಲಿ ಸ್ಪೀಕರ್, ಮೈಕ್ ವೈರಿಂಗ್ ಒಂದೊಂದು ರೀತಿ. ಆಡಿಯೊ ಚಿಪ್ಪಿನ ಯಾವ ಪಿನ್‌ಗೆ ಏನು ಜೋಡಿಸಿದೆ ಎಂದು ಯಂತ್ರದೊಳಗೇ ಬರುವ ಆರಂಭಿಕ ತಂತ್ರಾಂಶವಾದ ಬಯೋಸ್ ಹೇಳಬೇಕು, ಎಷ್ಟೋ ಸಲ ಅದೇ ತಪ್ಪು ಹೇಳುತ್ತದೆ. ಆದ್ದರಿಂದ ಲಿನಕ್ಸಿನ ಧ್ವನಿ ವಿಭಾಗವಾದ ಅಲ್ಸಾದಲ್ಲಿ ಮಾಡೆಲ್‌ವಾರು ರಿಪೇರಿಗಳ ಉದ್ದನೆಯ ಪಟ್ಟಿಯೇ ಇದೆ. ಕೆಲವು ಯಂತ್ರಗಳಲ್ಲಿ ಸ್ಪೀಕರಿನ ಆಂಪ್ಲಿಫೈಯರನ್ನು ಬೇರೆಯಾಗಿ ಎಬ್ಬಿಸಬೇಕು. ಒಂದು ಮಾಡೆಲ್‌ಗೆಂದು ಮಾಡಿದ ತಿದ್ದುಪಡಿ ಇನ್ನೊಂದರ ಬಾಯಿ ಮುಚ್ಚಿಸುವುದುಂಟು. ಸ್ವಯಂಚಾಲಿತ ಪರೀಕ್ಷೆಗೆ ಇದು ಸಿಕ್ಕಿಬೀಳುವುದಿಲ್ಲ. ಡ್ರೈವರ್ ಲೋಡ್ ಆಯಿತು, ಡೇಟಾ ಹರಿಯಿತು, ಪಾಸ್! ಅದರಲ್ಲೂ ಬಹಳಷ್ಟು ಪರೀಕ್ಷೆ ನಡೆಯುವುದು ವರ್ಚುವಲ್ ಯಂತ್ರಗಳಲ್ಲಿ, ಅಂದರೆ ತಂತ್ರಾಂಶದಲ್ಲೇ ಸೃಷ್ಟಿಸಿದ ಕಂಪ್ಯೂಟರುಗಳಲ್ಲಿ. ಅಲ್ಲಿ ಸ್ಪೀಕರ್ ಎಲ್ಲಿಂದ ಬರಬೇಕು?

ಹಾಗಾಗಿ ಶಾಲೆ, ಗ್ರಂಥಾಲಯ, ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರಲ್ಲಿ ನನ್ನ ಮನವಿ: ಎಲ್ಲ ಯಂತ್ರಗಳಿಗೂ ಹೊಸ ಕರ್ನಲ್ ಹಂಚುವ ಮುಂಚೆ ಪ್ರತಿ ಮಾಡೆಲ್‌ನ ಒಂದರಲ್ಲಿ ಹಾಕಿ, ಕುಳಿತು ಕೇಳಿ. ಎಡ ಬಲ ಸ್ಪೀಕರ್, ಹೆಡ್‌ಫೋನ್ ಹಾಕಿ ತೆಗೆದದ್ದು, ಮೈಕಿನಲ್ಲಿ ಮಾತಾಡಿ ಮತ್ತೆ ಕೇಳಿದ್ದು, ಇಷ್ಟಕ್ಕೆ ಹೆಚ್ಚು ಹೊತ್ತು ಬೇಡ. ಆಮೇಲೆ ಮುಚ್ಚಳ ಮುಚ್ಚಿ ನಿದ್ದೆಗೆ ಕಳಿಸಿ ಎಬ್ಬಿಸಿ. ಬೂಟ್ ಆದಾಗ ಚೆನ್ನಾಗಿದ್ದ ಧ್ವನಿ ಇಲ್ಲಿ ಕಳೆದುಹೋಗಬಹುದು.

ಇನ್ನೊಂದು ತೊಂದರೆ ಕಣ್ಣಿದ್ದವರ ಗಮನಕ್ಕೇ ಬರುವುದಿಲ್ಲ. ವಿದ್ಯುತ್ ಉಳಿಸಲು ಡ್ರೈವರ್ ಆಡಿಯೊ ಚಿಪ್ಪನ್ನು ಮಲಗಿಸುತ್ತದೆ. ಅದು ಏಳುವಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋದರೆ ‘ಉಳಿಸು’ ಮತ್ತು ‘ಅಳಿಸು’ ಎರಡೂ ನನಗೆ ‘ಳಿಸು’ ಎಂದೇ ಕೇಳುತ್ತವೆ. ಎಂಟರ್ ಒತ್ತುವುದೋ ಬೇಡವೋ ಹೇಳಿ! ಆದ್ದರಿಂದ ಯಂತ್ರವನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಚಿಕ್ಕ ಪದವೊಂದನ್ನು ನುಡಿಸಿ ನೋಡಬೇಕು.

ಹಳೆಯ ಕರ್ನಲನ್ನಂತೂ ಜಾಗ ಉಳಿಸುವ ನೆಪದಲ್ಲಿ ಅಳಿಸಲೇಬೇಡಿ. ಅದಕ್ಕೆ ಮರಳಲು ಬೂಟ್ ಆಗುವಾಗ ಕರ್ನಲ್ ಆರಿಸಿಕೊಳ್ಳುವ ಗ್ರಬ್ ಮೆನು ಮಾತಾಡುವುದಿಲ್ಲ, ನಾನು ಬಾಣದ ಕೀಲಿ ಒತ್ತುವ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಜೊತೆಗೊಂದು ಯುಎಸ್‌ಬಿ ಹೆಡ್‌ಸೆಟ್ ಇಟ್ಟುಕೊಂಡಿದ್ದೇನೆ. ಅದರ ಡ್ರೈವರೇ ಬೇರೆ, ಒಳಗಿನ ಚಿಪ್ ಸತ್ತಾಗಲೂ ಸಾಮಾನ್ಯವಾಗಿ ಅದು ನುಡಿಯುತ್ತದೆ.

ದೋಷ ಕಂಡರೆ ‘ಸೌಂಡ್ ಬರ್ತಿಲ್ಲ’ ಎಂದು ಗೊಣಗಿದರೆ ಪ್ರಯೋಜನವಿಲ್ಲ. ಸರಿಯಿದ್ದ ಕೊನೆಯ ಆವೃತ್ತಿ, ಕೆಟ್ಟ ಮೊದಲ ಆವೃತ್ತಿ, ಯಂತ್ರದ ಧ್ವನಿ ವಿವರಗಳನ್ನು ಕಲೆಹಾಕುವ ಅಲ್ಸಾ-ಇನ್ಫೋ ಎಂಬ ಸ್ಕ್ರಿಪ್ಟ್ ಕೊಡುವ ವರದಿ, ಈ ಮೂರನ್ನೂ ಕರ್ನಲ್ ತಯಾರಿಸುವವರಿಗೆ ಕಳಿಸಿ. ಮೊದಲು ನಡೆಯುತ್ತಿದ್ದದ್ದನ್ನು ಹೊಸ ಕರ್ನಲ್ ಕೆಡಿಸಬಾರದು ಎಂಬುದು ಲಿನಕ್ಸ್ ಕರ್ನಲ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಪಟ್ಟುಹಿಡಿದು ಕಾಯ್ದುಕೊಂಡು ಬಂದ ನಿಯಮ. ದೋಷ ತಿದ್ದಲೆಂದು ಬರುವ ಕರ್ನಲ್‌ನ ಸ್ಥಿರ (ಸ್ಟೇಬಲ್) ಆವೃತ್ತಿಗಳು ಬಿಡುಗಡೆಗೆ ಮುನ್ನ ಸಾಮಾನ್ಯವಾಗಿ 2 ದಿನ ಪರೀಕ್ಷೆಗೆ ತೆರೆದಿರುತ್ತವೆ. ತಿಳಿದವರು ಅಷ್ಟರಲ್ಲೇ ಹಾಕಿ ನೋಡಿ ಹೇಳಿದರೆ ದೋಷ ನಮ್ಮವರೆಗೆ ಬರುವುದೇ ಇಲ್ಲ.

ಮುಂದಿನ ಸಲ ಆ ಸಲಹೆ ಅಚ್ಚಾಗುವಾಗ ಹಳೆಯ ಕರ್ನಲ್ ಉಳಿಸಿಕೊಳ್ಳುವ ಮಾತನ್ನೂ ಒಂದು ಸಾಲು ಸೇರಿಸುತ್ತೀರಾ?

– ನಿಮ್ಮ ಪತ್ರಿಕೆಯನ್ನು ದಿನವೂ ಕೇಳುವ ಓದುಗ