ಕೊನೆಗಾರನನ್ನು ಬಾಹ್ಯಾಕಾಶಕ್ಕೆ ಕಳಿಸುವ ಮುಂಚೆ

ಪ್ರೀತಿಯ ತಮ್ಮಾ,

ನಿನ್ನ ಕಥೆ ಓದಿದೆ. ತೀರ್ಥಹಳ್ಳಿ ಕಡೆಯ, ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವ ಕೊನೆಗಾರ ತಿಮ್ಮ ಯಾವುದೋ ಎಡವಟ್ಟಿನಲ್ಲಿ ಮಂಗಳ ಗ್ರಹ ಸುತ್ತುವ ನಿಲ್ದಾಣ ಸೇರುತ್ತಾನೆ. ಚೆನ್ನಾಗಿದೆ. ಹೇಗೆ ಹೋದ ಅನ್ನೋದನ್ನ ಎರಡೇ ಸಾಲಲ್ಲಿ ಮುಗಿಸಿದ್ದೂ ಸರಿ, ಅಲ್ಲಿ ವಿವರಣೆ ಕೊಡೋಕೆ ಹೋಗಿದ್ದರೆ ನಾನು ಪುಟ ಮಡಚಿಡುತ್ತಿದ್ದೆ. ಆದರೆ ಆಮೇಲೆ ಕಥೆ ಮುಗಿಯೋವರೆಗೂ ಅವನು ಬರೀ ಬೀಳ್ತಾನೆ. ಬಾಗಿಲಲ್ಲಿ ಬೀಳ್ತಾನೆ, ಯಂತ್ರದ ಮೇಲೆ ಬೀಳ್ತಾನೆ, ಕ್ಯಾಪ್ಟನ್ ಮೇಲೆ ಬೀಳ್ತಾನೆ. ತೂಕವೇ ಇಲ್ಲದ ಕಡೆ ಬೀಳೋದು ಹೇಗೆ ಮಾರಾಯ?

ಇದು ವಿಜ್ಞಾನದ ತಪ್ಪು ಅಂತ ಮಾತ್ರ ಹೇಳ್ತಿಲ್ಲ. ನಗೆಯೇ ಅಲ್ಲಿ ಸೋರಿಹೋಗಿದೆ. ನೀನು ತೋಟದ ಮನೆಯ ಹುಡುಗ. ಕೊನೆಗಾರನನ್ನು ಜಗಲಿಯಿಂದ ನೋಡಿ ಗೊತ್ತೇ ಹೊರತು ಮರದ ಮೇಲಿಂದ ನೋಡಿ ಗೊತ್ತಿಲ್ಲ. ಹಾಗಾಗಿ ಅವನು ದಡ್ಡ, ದಡ್ಡ ಆದ್ದರಿಂದ ಎಡವುತ್ತಾನೆ, ಎಡವಿದ್ದಕ್ಕೆ ನಾವು ನಗಬೇಕು ಅಂತ ಬರೆದಿದ್ದೀಯ. ಓದುವಾಗ ನನಗೆ ಸ್ವಲ್ಪ ಕಸಿವಿಸಿ ಆಯ್ತು, ನಗು ಬರಲಿಲ್ಲ.

ಕೊನೆಗಾರ ಏನು ಮಾಡ್ತಾನೆ ನೋಡು. ಒಂದು ಮರದ ಕೊನೆ ಇಳಿಸಿದ ಮೇಲೆ ಕೆಳಗಿಳಿದು ಮತ್ತೊಂದು ಹತ್ತೋದಿಲ್ಲ. ಮೈಯ ಭಾರ ಹಾಕಿ ಮರವನ್ನೇ ತೂಗಿಸ್ತಾನೆ, ಪಕ್ಕದ ಮರ ಕೈಗೆ ಸಿಕ್ಕಿದ ಗಳಿಗೆಗೆ ದಾಟಿಬಿಡ್ತಾನೆ. ಆ ಲೆಕ್ಕ ಅವನ ಮೈಯಲ್ಲೇ ಇದೆ. ಈಗ ಅವನನ್ನು ಮೈಗೆ ಭಾರವೇ ಇಲ್ಲದ ಕಡೆ ಬಿಡು. ಯಾರದೋ ಕೈಯಿಂದ ಸ್ಪ್ಯಾನರ್ ತಪ್ಪಿ ತೇಲಿಹೋಗ್ತಿದೆ, ಹಿಡಿದು ಕೊಡೋಣ ಅಂತ ಅಭ್ಯಾಸಬಲದಲ್ಲಿ ಒಂದು ತೂಗು ತೂಗ್ತಾನೆ. ಮರವಾಗಿದ್ದರೆ ವಾಪಸ್ ತರುತ್ತಿತ್ತು. ಇಲ್ಲಿ ಒಮ್ಮೆ ಗೋಡೆಗೆ ಒದ್ದರೆ ಎದುರಿನ ಗೋಡೆ ಸಿಗೋವರೆಗೂ ಹೋಗ್ತಾನೇ ಇರಬೇಕು. ಸ್ಪ್ಯಾನರ್ ಅಲ್ಲೇ ಉಳೀತು, ಇವನು ಮಾತ್ರ ದಾರಿಯಲ್ಲಿದ್ದ ಇಬ್ಬರು ವಿಜ್ಞಾನಿಗಳನ್ನೂ ಸೇರಿಸಿಕೊಂಡು ಆ ಕಡೆಯ ಗೋಡೆ ಸೇರಿದ. ಅವನು ಎಡವಿದ್ದು ಕೆಲಸ ಬಾರದ್ದಕ್ಕಲ್ಲ, ಅವನ ಕೆಲಸ ಬೇರೆ ಲೋಕದ್ದು ಅನ್ನೋದಕ್ಕೆ. ಇದನ್ನು ವೈಜ್ಞಾನಿಕ ಕಥೆಯಷ್ಟು ಸಲೀಸಾಗಿ ಬೇರೆ ಯಾವ ಕಥೆಯೂ ಮಾಡಲಾರದು, ಯಾಕೆಂದರೆ ಇಲ್ಲಿ ಲೋಕದ ನಿಯಮವನ್ನೇ ಬದಲಿಸಬಹುದು. ಆ ಹೊಸ ಲೋಕದಲ್ಲಿ ಓದುಗನೂ ಅವನಷ್ಟೇ ಹೊಸಬ, ಅದಕ್ಕೇ ಅವನ ಪಕ್ಷ ವಹಿಸ್ತಾನೆ.

ನಿಜವಾಗಿ ನಡೆದದ್ದು ಒಂದು ಹೇಳ್ತೀನಿ. 1969ರ ನವೆಂಬರ್ 14, ಚಂದ್ರನಿಗೆ ಹೊರಟ ಅಪೊಲೊ 12 ನೌಕೆ ಮಳೆಯಲ್ಲೇ ಮೇಲೆ ಹೋಯಿತು. ಒಂದು ನಿಮಿಷ ಆಗುವ ಮುಂಚೆಯೇ ಎರಡು ಸಲ ಸಿಡಿಲು. ಒಳಗೆ ಎಚ್ಚರಿಕೆಯ ದೀಪಗಳೆಲ್ಲ ಉರಿಯತೊಡಗಿದವು, ಭೂಮಿಗೆ ಬರುತ್ತಿದ್ದ ಅಂಕಿಗಳಿಗೆ ತಲೆಬುಡ ಇಲ್ಲ. ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಕೂತಿದ್ದ ಜಾನ್ ಆರನ್ ಎಂಬ ಎಂಜಿನಿಯರ್ ಇಂಥ ಸ್ವಿಚ್ ಹಾಕಿ ಅಂದ. ಕಮಾಂಡರ್‌ಗೆ ಅದು ಏನು ಅಂತಲೇ ತಿಳಿಯಲಿಲ್ಲ. ಅದು ಎಲ್ಲಿದೆ ಅಂತ ಗೊತ್ತಿದ್ದದ್ದು ನೌಕೆಯಲ್ಲಿ ಜೊತೆಗಿದ್ದ ಅಲನ್ ಬೀನ್‌ಗೆ. ಹಾಕಿದ, ಅಂಕಿಗಳು ಸರಿಯಾದವು, ಯಾತ್ರೆ ಉಳಿಯಿತು.

ಐದು ದಿನ ಬಿಟ್ಟು ಇದೇ ಬೀನ್ ಚಂದ್ರನ ಮೇಲೆ ಇಳಿದ. ಭೂಮಿಯಲ್ಲಿ ಕೂತವರಿಗೆ ಚೆನ್ನಾಗಿ ಕಾಣಲಿ ಅಂತ ಕಲರ್ ಟಿವಿ ಕ್ಯಾಮೆರಾ ಎತ್ತಿ ಬೇರೆ ಕಡೆ ಇಡಲು ಹೋದ, ಅದು ಸೂರ್ಯನ ಕಡೆ ತಿರುಗಿತು, ಒಳಗಿನ ಟ್ಯೂಬ್ ಸುಟ್ಟುಹೋಯಿತು. ಸುತ್ತಿಗೆಯಿಂದ ತಟ್ಟಿಯೂ ನೋಡಿದ! (ನಮ್ಮ ಮನೆಗಳಲ್ಲಿ ಹಳೇ ಟಿವಿಗೆ ಕೊಡುತ್ತಿದ್ದ ಚಿಕಿತ್ಸೆ.) ಇಷ್ಟಕ್ಕೇ ಮುಗಿಯಲಿಲ್ಲ. ಬೀನ್, ಕಮಾಂಡರ್ ಇಬ್ಬರೂ ಒಂದೇ ಫೋಟೋದಲ್ಲಿ ಬಂದರೆ ಕ್ಯಾಮೆರಾ ಹಿಡಿದವರಾರು ಅಂತ ಜನ ತಲೆ ಕೆಡಿಸಿಕೊಳ್ಳಲಿ ಅನ್ನೋ ತಮಾಷೆಗೆ, ಯಾರಿಗೂ ಹೇಳದೆ ಒಂದು ಟೈಮರ್ ಒಯ್ದಿದ್ದರು. ಬೇಕಾದಾಗ ಅದು ಚೀಲದ ಕಲ್ಲು, ದೂಳಿನಲ್ಲಿ ಸಿಗಲಿಲ್ಲ. ಸಿಕ್ಕಾಗ ಹೊತ್ತು ಮೀರಿತ್ತು. ಎಸೆದುಬಿಟ್ಟರು.

ಬೀನ್ ಜಾಣನಾ, ಎಡವಟ್ಟನಾ ಅಂತ ಕೇಳಬೇಡ. ಸ್ವಿಚ್ ಗೊತ್ತಿದ್ದವನೂ ಅವನೇ, ಕ್ಯಾಮೆರಾ ಸುಟ್ಟವನೂ ಅವನೇ. ನಿನ್ನ ತಿಮ್ಮನಲ್ಲಿ ಇರೋದು ಕ್ಯಾಮೆರಾ ಸುಟ್ಟವನು ಮಾತ್ರ.

ಇನ್ನೊಂದು, ಬಡಾಯಿಯವನನ್ನೂ ಒಳ್ಳೆಯ ಮನಸ್ಸಿನ ಎಡವಟ್ಟನನ್ನೂ ಬೆರೆಸಬೇಡ. ಉತ್ತರನ ಪೌರುಷ ಒಲೆ ಮುಂದೆ ಅಂತ ನಗ್ತೀವಿ, ಅವನು ರಥದಿಂದ ಹಾರಿ ಓಡಿದಾಗ ಖುಷಿಯೇ ಆಗುತ್ತೆ. ಆದರೆ ನಡುಗುತ್ತಲೇ ಬೃಹನ್ನಳೆಯ ಸಾರಥಿಯಾಗಿ ಕೂತ ಮೇಲೆ ಆ ನಗು ಹಾಗೆ ಬರೋದಿಲ್ಲ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯ್ತಾನೆ ಅನ್ನೋದು ಎಷ್ಟೋ ಜನರಿಗೆ ನೆನಪೇ ಇರೋದಿಲ್ಲ, ಪಾಪ.

ಡಗ್ಲಸ್ ಆಡಮ್ಸ್‌ನ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ಯ ನಾಯಕ ಆರ್ಥರ್ ಡೆಂಟ್‌ನನ್ನು ನೀನು ಓದಿದ್ದೀಯ ಅಂತ ಕಥೆ ನೋಡಿದರೇ ಗೊತ್ತಾಗುತ್ತೆ. 1978ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮೊದಲು ಬಂದದ್ದು. ನೀನು ಅವನ ಪೆದ್ದುತನ ತಗೊಂಡೆ, ಸಂಕಟ ಬಿಟ್ಟೆ. ಬೈಪಾಸ್ ರಸ್ತೆಗೆ ಅಂತ ಅವನ ಮನೆ ಕೆಡವೋಕೆ ಬರ್ತಾರೆ, ಅದೇ ದಿನ ಬಾಹ್ಯಾಕಾಶದ ರಸ್ತೆಗೆ ಅಂತ ಭೂಮಿಯನ್ನೇ ಕೆಡವ್ತಾರೆ. ನಕ್ಷೆ ನೋಡೋಕೆ ಇಟ್ಟಿದ್ವಲ್ಲ, ನೀವು ಬಂದು ನೋಡಬೇಕಿತ್ತು ಅನ್ನೋದೇ ಎರಡೂ ಕಡೆಯ ಉತ್ತರ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡವರಿರುವ ಜಿಲ್ಲೆ ನಮ್ಮದು. ಈ ಜೋಕು ನಮಗೆ ಇಂಗ್ಲೆಂಡಿನವರಿಗಿಂತ ಒಂದು ಕೈ ಜಾಸ್ತಿಯೇ ಅರ್ಥ ಆಗಬೇಕು, ಅಲ್ವಾ? ಹತ್ತಿರದಲ್ಲೇ ಬೇಕಿದ್ದರೆ ತೇಜಸ್ವಿಯವರ ‘ಕರ್ವಾಲೊ’ ಇದೆ. ಊರಿಗೆ ಉಡಾಳನಾದ ಮಂದಣ್ಣನ ಕಣ್ಣನ್ನು ವಿಜ್ಞಾನಿ ನಂಬ್ತಾನೆ. ಹಾಗಂತ ಅವನೇನೂ ಪಂಡಿತನಾಗೋದಿಲ್ಲ.

ಸರಿ, ತಿಮ್ಮನಿಗೆ ಏನು ಗೊತ್ತಿರಬಹುದು? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ಮಾಡೋದು ಗೊತ್ತು. ಒಂದು ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೇಜಿ ಸುಣ್ಣ, 100 ಲೀಟರ್ ನೀರು. ಹದ ಬಂತಾ ನೋಡೋಕೆ ಕಬ್ಬಿಣದ ಕತ್ತಿ ಅದ್ದುತ್ತಾರೆ. ಕೆಂಪಗಾದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ, ಸುಣ್ಣ ಸಾಲದು. ನಿಲ್ದಾಣದಲ್ಲಿ ಯಂತ್ರ ತಂಪು ಮಾಡುವ ನೀರು ಕೆಟ್ಟಿದೆ, ಯಾಕೆ ಅಂತ ಯಾರಿಗೂ ಹೊಳೀತಿಲ್ಲ. ನೋಡಿಬಿಡೋಣ ಅಂತ ಇವನು ತಿರುಪು ಬಿಚ್ತಾನೆ. ನೀರು ಸುರಿಯೋದಿಲ್ಲ, ಉಂಡೆ ಉಂಡೆಯಾಗಿ ಕೋಣೆ ತುಂಬಾ ತೇಲುತ್ತೆ, ಎಲ್ಲರೂ ಬಟ್ಟೆ ಹಿಡಿದು ಅದರ ಹಿಂದೆ. ಆ ಗದ್ದಲದಲ್ಲಿ ಒಂದು ಉಂಡೆಗೆ ತಾಗಿದ ಅವನ ಕತ್ತಿ ಕೆಂಪಗಾಗಿರುತ್ತೆ. ನೀರು ಹುಳಿಯಾಗಿ ತಾಮ್ರದ ಪೈಪನ್ನು ತಿಂತಿದೆ! ಮೊದಲು ಗಿಡ ಬೆಳೆಸುವ ತೊಟ್ಟಿಯಲ್ಲೇ ಇದನ್ನು ಮಾಡಿಸೋಣ ಅನ್ನಿಸಿತ್ತು, ಆದರೆ ಕತ್ತಿಗೆ ಕಾಣುವಷ್ಟು ತಾಮ್ರ ಇದ್ದರೆ ಗಿಡ ಯಾವತ್ತೋ ಸತ್ತಿರುತ್ತೆ. ಇಂಥದ್ದನ್ನು ಲೆಕ್ಕ ಹಾಕಿಯೇ ಬರಿ.

ಕೊನೆಗೆ ಪದಕ ಗಿದಕ ಕೊಡಿಸಬೇಡ. ನೀರು ಚೆಲ್ಲಿದ್ದಕ್ಕೆ ಬೈಸಿಕೊಳ್ಳಲಿ, ಸಾಕು.

ತಿದ್ದಿ ಬೇಗ ಕಳಿಸು. ಮಳೆ ಹಿಡಿಯೋ ಮುಂಚೆ ನಮ್ಮ ತೋಟಕ್ಕೂ ಔಷಧಿ ಹೊಡೆಸಬೇಕು. ಕೊನೆಗಾರ ಇನ್ನೂ ದಿನ ಹೇಳಿಲ್ಲ, ಹೇಳಿದ ದಿನದಿಂದ ನನಗೆ ಓದೋಕೆ ಪುರುಸೊತ್ತು ಇರೋದಿಲ್ಲ. ನೀನೂ ಆವತ್ತು ಬಾ, ಡ್ರಮ್ ಹತ್ತಿರ ನಿಂತು ಕತ್ತಿ ಅದ್ದಿ ನೋಡು.

ನಿನ್ನ
ಅಣ್ಣ