ಮಾಸಾಶನ ನಿಂತ ಕಾರಣ ಚೀಟಿಯಲ್ಲಿ ಬರೆದು ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಮಾಸಾಶನ ಬಂದಿಲ್ಲವೆಂದು ನಾಡಕಚೇರಿಗೆ ಹೋದ ವೃದ್ಧರಿಗೆ ಸಿಗುವ ಉತ್ತರ ‘ಬ್ಯಾಂಕಿನಲ್ಲಿ ಕೇಳಿ’. ಬ್ಯಾಂಕಿಗೆ ಹೋದರೆ ‘ಸರ್ಕಾರದಿಂದಲೇ ಬಿದ್ದಿಲ್ಲ’. ಈ ಎರಡು ಕೌಂಟರುಗಳ ನಡುವೆ ನಾಲ್ಕು ಸಲ ಓಡಾಡಿದರೆ ಬರಬೇಕಾದ ಹಣದಲ್ಲಿ ಕಾಲುಭಾಗ ಆಟೊ ಬಾಡಿಗೆಗೇ ಹೋಗುತ್ತದೆ. ಹಣ ಯಾಕೆ ಬಿದ್ದಿಲ್ಲ ಎಂಬುದೇನೂ ರಹಸ್ಯವಲ್ಲ. ಆಧಾರ್ ಮೂಲಕ ಹೊರಟ ಪಾವತಿ ಒಂದೋ ಖಾತೆಗೆ ಜಮೆಯಾಗುತ್ತದೆ, ಇಲ್ಲವೇ ಕಾರಣ ಹೊತ್ತುಕೊಂಡು ವಾಪಸಾಗುತ್ತದೆ: ಆಧಾರ್ ಯಾವ ಬ್ಯಾಂಕಿಗೂ ಸೀಡಿಂಗ್ (ಸರ್ಕಾರಿ ಹಣಕ್ಕಾಗಿ ಜೋಡಣೆ) ಆಗಿಲ್ಲ, ಖಾತೆ ಮುಚ್ಚಿದೆ, ಖಾತೆ ತಡೆಹಿಡಿಯಲಾಗಿದೆ, ಕೆವೈಸಿ (ಗ್ರಾಹಕರ ಗುರುತು, ವಿಳಾಸದ ಪರಿಶೀಲನೆ) ಬಾಕಿ ಇದೆ. ಆ ಒಂದು ಸಾಲು ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಕನ್ನಡದಲ್ಲಿ ಮುದ್ರಿಸಿ ಫಲಾನುಭವಿಯ ಕೈಗೆ ಕೊಡಬೇಕು ಎಂಬುದು ನಮ್ಮ ಒತ್ತಾಯ.

ಸಂಕಷ್ಟ ಕಾಲದಲ್ಲಿ ಘೋಷಿಸುವ ವಿಶೇಷ ಪರಿಹಾರವೂ ಇದೇ ಕಾಲುವೆಯಲ್ಲಿ ಹರಿಯುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಕೋವಿಡ್ ಕಾಲದ ಉದಾಹರಣೆ ನೋಡಿ. 2020ರ ಮಾರ್ಚ್ 26ರಂದು ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್ ಪ್ಯಾಕೇಜ್ ಪ್ರಕಟಿಸಿದಾಗ ವೃದ್ಧರು, ವಿಧವೆಯರು, ಅಂಗವಿಕಲರಿಗೆ ತಲಾ ₹1,000 ಎಂದು ಹೇಳಲಾಯಿತು. ₹500ರಂತೆ ಎರಡು ಕಂತು. ಊರಿನವರ ಕಿವಿಗೆ ಬಿದ್ದದ್ದು ಅಷ್ಟೇ. ಹಣ ಹೋಗಿದ್ದು ಮಾತ್ರ 1995ರ ಆಗಸ್ಟ್ 15ರಿಂದ ನಡೆದುಬಂದಿರುವ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಆ ಪಟ್ಟಿಗೆ ಸೇರಲು ಅಂಗವೈಕಲ್ಯ ಶೇ 80 ಅಥವಾ ಹೆಚ್ಚಿರಬೇಕು, ವಿಧವೆಗೆ 40 ತುಂಬಿರಬೇಕು. ನಮ್ಮ ರಾಜ್ಯವಾದರೋ ಶೇ 40ರಿಂದಲೇ ಅಂಗವಿಕಲರ ಮಾಸಾಶನ ಕೊಡುತ್ತದೆ, 18 ತುಂಬಿದ ವಿಧವೆಗೂ ಕೊಡುತ್ತದೆ. ಹೀಗಾಗಿ ಶೇ 60ರ ಪ್ರಮಾಣಪತ್ರ ಇದ್ದು, ತಿಂಗಳು ತಿಂಗಳು ಮಾಸಾಶನ ಪಡೆಯುತ್ತಿದ್ದವರಿಗೂ ಆ ₹1,000ದಲ್ಲಿ ಪಾಲಿರಲಿಲ್ಲ. ಪಕ್ಕದ ಮನೆಯವರಿಗೆ ಬಂತು, ನಮ್ಮದನ್ನು ಯಾರೋ ನುಂಗಿದರು ಎಂದೇ ಎಷ್ಟೋ ಜನ ತಿಳಿದರು. ಮಂಜೂರಾತಿ ಆದೇಶದಲ್ಲಿ ‘ಇದು ಕೇಂದ್ರದ ಪಾಲಿರುವ ಯೋಜನೆ’ ಅಥವಾ ‘ಇದು ರಾಜ್ಯದ್ದು ಮಾತ್ರ’ ಎಂದು ಒಂದು ಸಾಲು ಎದ್ದು ಕಾಣುವಂತೆ ಇದ್ದಿದ್ದರೆ ಆ ಅನುಮಾನಕ್ಕೆ ಜಾಗವಿರಲಿಲ್ಲ. ಅಂದ ಹಾಗೆ, ಆ ಕೇಂದ್ರದ ಪಾಲೂ ದೊಡ್ಡದೇನಲ್ಲ: 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ ₹200, ವಿಧವೆ ಮತ್ತು ಅಂಗವಿಕಲರಿಗೆ ₹300, 80 ದಾಟಿದವರಿಗೆ ₹500. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ.

ರಾಜ್ಯ ಸೇರಿಸುವ ಲೆಕ್ಕದಲ್ಲೂ ಒಂದು ಎಡವಟ್ಟಿದೆ. 2021ರ ಜುಲೈ 28ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅಧಿಕಾರ ವಹಿಸಿಕೊಂಡ ದಿನವೇ ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷಾ ಮೊತ್ತವನ್ನು ₹1,000ದಿಂದ ₹1,200ಕ್ಕೂ, ವಿಧವಾ ವೇತನ ಹಾಗೂ ಶೇ 40ರಿಂದ 75ರವರೆಗಿನ ಅಂಗವಿಕಲರ ಮಾಸಾಶನವನ್ನು ₹600ರಿಂದ ₹800ಕ್ಕೂ ಏರಿಸಿದರು. ಏರಿಕೆ ಸ್ವಾಗತಾರ್ಹವೇ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚು ಮೊತ್ತವನ್ನು ಅಂಗವಿಕಲರಿಗೆ ಕೊಡಬೇಕೆನ್ನುತ್ತದೆ. ₹1,200ಕ್ಕೆ ಶೇ 25 ಸೇರಿಸಿದರೆ ₹1,500. ಕೊಟ್ಟದ್ದು ₹800. ಕಾನೂನು ಹೆಚ್ಚು ಕೊಡಿ ಎಂದಲ್ಲಿ ವೃದ್ಧರ ₹1,200ಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಕೊಟ್ಟಂತಾಯಿತು. ‘ಯೋಜನೆಗಳೇ ಬೇರೆ, ಹೋಲಿಕೆ ಸಲ್ಲದು’ ಎಂದು ಅಧಿಕಾರಿಗಳು ವಾದಿಸಬಹುದು. ಔಷಧಿ ಅಂಗಡಿಯವನು ಯೋಜನೆ ನೋಡಿ ಗುಳಿಗೆಗೆ ದರ ಹೇಳುವುದಿಲ್ಲವಲ್ಲ.

ಈಗ ಹಣ ಸಿಕ್ಕಿಕೊಳ್ಳುವ ಜಾಗಗಳಿಗೆ ಬರೋಣ. ಮೊದಲನೆಯದು ಆಧಾರ್ ಲಿಂಕ್ ಎಂಬ ಮಾತಿನಲ್ಲೇ ಇರುವ ತೊಡಕು. ಖಾತೆ ತೆರೆಯುವಾಗ ಆಧಾರ್ ನಕಲು ಕೊಡುವುದು ಒಂದು, ‘ಸರ್ಕಾರದ ಹಣ ಈ ಬ್ಯಾಂಕಿಗೇ ಬರಲಿ’ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಇನ್ನೊಂದು. ಮೊದಲನೆಯದರಿಂದ ಕೆವೈಸಿ ಆಗುತ್ತದೆ. ಎರಡನೆಯದರಿಂದ ಮಾತ್ರ ಎನ್‌ಪಿಸಿಐ ಮ್ಯಾಪಿಂಗ್ ಆಗುತ್ತದೆ, ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಆ ಸಂಸ್ಥೆಯ ‘ಮ್ಯಾಪರ್’ ಎಂಬ ಪಟ್ಟಿಯಲ್ಲಿ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಎಂಬುದು ದಾಖಲಾಗುತ್ತದೆ. ಬ್ಯಾಂಕ್ ಸಿಬ್ಬಂದಿ ‘ಲಿಂಕ್ ಆಗಿದೆ ಅಜ್ಜಿ’ ಎಂದಾಗ ಅವರು ಹೇಳುತ್ತಿರುವುದು ಬಹಳ ಸಲ ಮೊದಲನೆಯದನ್ನು. ‘ಎನ್‌ಪಿಸಿಐ ಮ್ಯಾಪರ್‌ನಲ್ಲಿ ಆ್ಯಕ್ಟಿವ್ ಇದೆಯಾ?’ ಎಂದೇ ಕೇಳಬೇಕು.

ಒಂದು ಆಧಾರ್ ಸಂಖ್ಯೆಗೆ ಮ್ಯಾಪರ್‌ನಲ್ಲಿ ಒಂದೇ ಬ್ಯಾಂಕ್. ಕೊನೆಗೆ ಯಾವ ಬ್ಯಾಂಕ್ ಸೀಡಿಂಗ್ ಮಾಡಿತೋ ಅದೇ ಗೆಲ್ಲುತ್ತದೆ. ಸ್ವಸಹಾಯ ಸಂಘದ ಸಾಲಕ್ಕೋ ಮಗಳ ಒತ್ತಾಯಕ್ಕೋ ಹೊಸ ಖಾತೆ ತೆರೆದು, ಕಂಡ ಕಂಡ ಫಾರಂಗೆ ಹೆಬ್ಬೆಟ್ಟು ಒತ್ತಿದರೆ ಮುಂದಿನ ತಿಂಗಳಿಂದ ಮಾಸಾಶನ ಅಲ್ಲಿಗೆ ತಿರುಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದವರು ನಿಂತೇ ಹೋಯಿತು ಎಂದು ಅಳುತ್ತಾರೆ. ಹಣ ಇನ್ನೊಂದು ಖಾತೆಯಲ್ಲಿ ಸುಮ್ಮನೆ ಬೆಳೆಯುತ್ತಿರುತ್ತದೆ. 2017ರಲ್ಲಿ ಸಿಮ್ ಪರಿಶೀಲನೆಗೆಂದು ಬೆರಳಚ್ಚು ಕೊಟ್ಟವರ ಅಡುಗೆ ಅನಿಲ ಸಬ್ಸಿಡಿ, ಅವರಿಗೇ ತಿಳಿಯದಂತೆ ತೆರೆದಿದ್ದ ಮೊಬೈಲ್ ಕಂಪನಿಯ ಪೇಮೆಂಟ್ಸ್ ಬ್ಯಾಂಕ್ ಖಾತೆಗಳಿಗೆ ಹೋದದ್ದು ನೆನಪಿರಬಹುದು. ದಾರಿ ತಪ್ಪಿದ್ದು ಇದೇ ತಿರುವಿನಲ್ಲಿ. ಮ್ಯಾಪರ್‌ನಲ್ಲಿ ದಾಖಲಾಗುವುದು ಬ್ಯಾಂಕಿನ ಗುರುತು ಮಾತ್ರ, ಖಾತೆ ಸಂಖ್ಯೆ ಅಲ್ಲ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಯಾವುದಕ್ಕೆ ಹಾಕಬೇಕು ಎನ್ನುವುದು ಆ ಬ್ಯಾಂಕಿನೊಳಗಿನ ಜೋಡಣೆಗೆ ಬಿಟ್ಟದ್ದು.

ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ಎಂದು ತಿಳಿಯಲು ಮೈ ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಇದೆ. ಬ್ಯಾಂಕಿನ ಹೆಸರು, ಆ್ಯಕ್ಟಿವ್ ಅಥವಾ ಇನ್‌ಆ್ಯಕ್ಟಿವ್, ಕೊನೆಯ ಬದಲಾವಣೆಯ ದಿನಾಂಕ ತೋರಿಸುತ್ತದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಬೇಕು. ವೃದ್ಧರ ವಿಷಯದಲ್ಲಿ ಆ ನಂಬರ್ ಹತ್ತು ವರ್ಷ ಹಿಂದೆ ಅಳಿಯ ಬಳಸುತ್ತಿದ್ದ ಸಿಮ್ ಆಗಿರುವುದೇ ಹೆಚ್ಚು. ಮೊಬೈಲ್ ನಂಬರ್ ಬದಲಿಸಲು ದಾಖಲೆ ಬೇಡ, ಆದರೆ ಸಾಮಾನ್ಯವಾಗಿ ಆಧಾರ್ ಕೇಂದ್ರಕ್ಕೆ ಹೋಗಬೇಕಾಗುತ್ತದೆ. 2025ರ ಅಕ್ಟೋಬರ್‌ನಿಂದ ಶುಲ್ಕ ₹75. ಹಾಸಿಗೆ ಹಿಡಿದವರಿಗೆ ಇದೇ ದೊಡ್ಡ ಬೆಟ್ಟ.

ಎರಡನೆಯ ಜಾಗ ಖಾತೆಯ ಸ್ಥಿತಿ. ಎರಡು ವರ್ಷ ಗ್ರಾಹಕ ತಾನಾಗಿ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಆದರೆ ಸರ್ಕಾರಿ ನೆರವು ಜಮೆಯಾಗಲೆಂದು ತೆರೆದ ಖಾತೆಗಳನ್ನು ಆ ಕಾರಣಕ್ಕೆ ನಿಷ್ಕ್ರಿಯ ಎನ್ನಬಾರದು, ನಿಷ್ಕ್ರಿಯ ಖಾತೆಗೆ ಕನಿಷ್ಠ ಮೊತ್ತವಿಲ್ಲವೆಂದು ದಂಡ ಹಾಕಬಾರದು, ಮತ್ತೆ ಚಾಲೂ ಮಾಡಲು ಶುಲ್ಕ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೌಂಟರಿನಲ್ಲಿ ಈ ದಿನಾಂಕ ಹೇಳಿದರೆ ದನಿ ಬದಲಾಗುತ್ತದೆ. ಕೆವೈಸಿ ಬೇರೆಯದೇ ಗಂಟು: 2014–15ರಲ್ಲಿ ತೆರೆದ ಜನಧನ ಖಾತೆಗಳಿಗೆ ಹತ್ತು ವರ್ಷದ ಮರು ಕೆವೈಸಿ ಗಡುವು 2024–25ರಲ್ಲಿ ಬಂತು. 2025ರ ಜೂನ್‌ನಿಂದ ಊರಲ್ಲೇ ಬ್ಯಾಂಕ್ ಸೇವೆ ಕೊಡುವ ಬ್ಯಾಂಕ್ ಮಿತ್ರರ ಮೂಲಕವೂ ಇದನ್ನು ಮಾಡಿಸಲು ಅವಕಾಶವಿದೆ, ಶಾಖೆಗೇ ಹೋಗಬೇಕೆಂದಿಲ್ಲ. ವಿಳಾಸ ಬದಲಾಗಿಲ್ಲದಿದ್ದರೆ ‘ಬದಲಾವಣೆ ಇಲ್ಲ’ ಎಂಬ ಸ್ವಯಂ ಘೋಷಣೆ ಸಾಕು.

ಬೆರಳಚ್ಚು ಪಡೆದು ಹಣ ಕೊಡಲು ಬ್ಯಾಂಕ್ ಮಿತ್ರರು ಬಳಸುವ ಯಂತ್ರದ ಬಗ್ಗೆ ಒಂದು ಎಚ್ಚರಿಕೆ. ಸವೆದ ಬೆರಳಿಗೆ ಯಂತ್ರ ಒಲಿಯುವುದಿಲ್ಲ, ‘ಇನ್ನೊಂದು ಸಲ ಒತ್ತಿ’ ಎನ್ನುತ್ತಾರೆ. ಮೊದಲ ಸಲವೇ ಹಣ ಕಡಿತವಾಗಿ ರಶೀದಿ ಮಾತ್ರ ಬಾರದೆ ಹೋಗಿರಬಹುದು. ಅಂಥ ಹಣವನ್ನು ವಹಿವಾಟಿನ ದಿನದಿಂದ 5 ದಿನದೊಳಗೆ ಖಾತೆಗೆ ಮರಳಿಸಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂಬ ನಿಯಮ 2019ರಿಂದ ಇದೆ. ಪ್ರತಿ ಸಲ ಒತ್ತಿದಾಗಲೂ ಚೀಟಿ ಕೇಳಿ ಪಡೆಯಬೇಕು, ‘ಫೇಲ್’ ಆದದ್ದಕ್ಕೂ.

ಮೂರನೆಯದು ಕಚೇರಿಯ ಮಟ್ಟದ್ದು. ತಾತ್ಕಾಲಿಕ ಅಂಗವೈಕಲ್ಯ ಪ್ರಮಾಣಪತ್ರದ ಅವಧಿ ಮುಗಿದಿರುವುದು, ಒಂದೇ ಹೆಸರಿನ ಬೇರೆಯವರು ತೀರಿಕೊಂಡಾಗ ಇವರ ಹೆಸರಿನ ಮುಂದೆ ‘ಮರಣ’ ಎಂದು ಬೀಳುವುದು, ಆಧಾರ್‌ನಲ್ಲಿ ‘ಲಕ್ಷ್ಮವ್ವ’ ಇದ್ದು ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮೀಬಾಯಿ’ ಇರುವುದು. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ ಮಾನ್ಯತೆಯ ದಿನಾಂಕ ಇದ್ದರೆ, ಅದಕ್ಕೆ ಮೂರು ತಿಂಗಳು ಮೊದಲೇ ಮರುಪರೀಕ್ಷೆಗೆ ಅರ್ಜಿ ಹಾಕುವುದು ಒಳ್ಳೆಯದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯು ಎನ್ನುವವರು, ಇದಕ್ಕೆ ನೆರವಾಗಬೇಕಾದವರು.

ಆದಾಯ ಮಿತಿಯ ಮಾತು ಇನ್ನೂ ಕಹಿ. ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯ ₹32,000 ಮೀರಬಾರದು. ಬಿಪಿಎಲ್ ಕಾರ್ಡಿಗೆ ಮಿತಿ ₹1.20 ಲಕ್ಷ. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ನಮ್ಮ ರಾಜ್ಯದ ದಿನಗೂಲಿ ₹370 ಇತ್ತು. ನೂರು ದಿನ ಮಣ್ಣು ಹೊತ್ತ ಕುಟುಂಬಕ್ಕೆ ₹37,000. ಅಂದರೆ ಸರ್ಕಾರವೇ ಖಾತ್ರಿ ಕೊಟ್ಟ ಕೂಲಿಯನ್ನು ಪೂರ್ತಿ ದುಡಿದ ಮನೆಯ ಅಜ್ಜ, ಲೆಕ್ಕದ ಪ್ರಕಾರ, ಸರ್ಕಾರದ ಮಾಸಾಶನಕ್ಕೆ ಶ್ರೀಮಂತ. ಗ್ರಾಮ ಆಡಳಿತ ಅಧಿಕಾರಿಗಳು ಕಣ್ಣುಮುಚ್ಚಿ ಕಡಿಮೆ ಬರೆಯುವುದರಿಂದ ವ್ಯವಸ್ಥೆ ನಡೆಯುತ್ತಿದೆ. ಪರಿಶೀಲನೆ ಬಿಗಿಯಾದ ವರ್ಷ ಅದೇ ಕಡಿಮೆ ಬರಹ ಸುಳ್ಳು ಮಾಹಿತಿ ಆಗಿಬಿಡುತ್ತದೆ. ಮಿತಿಯನ್ನು ಬಿಪಿಎಲ್ ಮಿತಿಗೆ ಸರಿಹೊಂದಿಸದೆ ಅನರ್ಹರ ಬೇಟೆಗೆ ಇಳಿಯುವುದು ನ್ಯಾಯವಲ್ಲ.

ಹಣ ನಿಂತವರು ಮೊದಲು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಬೇಕು. ಮೊಬೈಲ್ ಸಂದೇಶ ನಂಬಿ ಕೂರಬಾರದು. ಎಂಟ್ರಿಯಲ್ಲಿ ಯೋಜನೆಯ ಹೆಸರು ಸ್ಪಷ್ಟವಾಗಿ ಇರುವುದಿಲ್ಲ, ಮೊತ್ತ ನೋಡಿ ಗುರುತಿಸಬೇಕಾಗುತ್ತದೆ: ₹2,000 ಕಂಡರೆ ಗೃಹಲಕ್ಷ್ಮಿಯೋ ಪಿಎಂ ಕಿಸಾನ್ ಕಂತೋ ಇರಬಹುದು, ₹1,200 ಸಂಧ್ಯಾ ಸುರಕ್ಷಾ, ₹2,400 ಬಂದಿದ್ದರೆ ಅದರದೇ ಎರಡು ತಿಂಗಳು ಒಟ್ಟಿಗೆ. ಆಮೇಲೆ ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲಿ ಆಧಾರ್ ಹಾಕಿ ಯಾವ ಯೋಜನೆಯ ಹಣ, ಯಾವ ಬ್ಯಾಂಕಿಗೆ, ಯಾವತ್ತು ಹೋಯಿತು ಎಂದು ನೋಡಬೇಕು. ಅಲ್ಲಿ ‘ಹೋಗಿದೆ’ ಎಂದಿದ್ದರೆ ಬ್ಯಾಂಕ್ ಹಿಡಿಯಿರಿ, ಏನೂ ಇಲ್ಲದಿದ್ದರೆ ತಹಶೀಲ್ದಾರ್ ಕಚೇರಿ. ಈ ಒಂದು ವಿಂಗಡಣೆಯಿಂದಲೇ ಅರ್ಧ ಓಡಾಟ ತಪ್ಪುತ್ತದೆ.

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಬಿಳಿ ಹಾಳೆಯಲ್ಲಿ ಮಾಸಾಶನದ ಆದೇಶ ಸಂಖ್ಯೆ, ಕೊನೆಯ ಜಮೆಯ ದಿನಾಂಕ ಮತ್ತು ಮೊತ್ತ, ಬಾಕಿ ಇರುವ ತಿಂಗಳುಗಳ ಹೆಸರು ಬರೆದು, ಸೀಡಿಂಗ್ ಸ್ಟೇಟಸ್‌ನ ಪ್ರಿಂಟ್ ಲಗತ್ತಿಸಿ, ಕಚೇರಿಯ ಟಪಾಲಿನಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಬೇಕು. ಅದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ: ‘ನನ್ನ ಮಾಸಾಶನದ ಕಳೆದ 12 ತಿಂಗಳ ಪಾವತಿ ಸ್ಥಿತಿ, ವಾಪಸಾಗಿದ್ದರೆ ಕಾರಣ ಸಮೇತ ಕೊಡಿ’. ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ₹10 ಶುಲ್ಕವೂ ಬೇಡ, 30 ದಿನದಲ್ಲಿ ಉತ್ತರ ಕೊಡಬೇಕು.

ತನ್ನ ಹಣ ಯಾಕೆ ಬಂದಿಲ್ಲವೆಂದು ತಿಳಿಯಲು 80ರ ಮುದುಕಿ ಮಾಹಿತಿ ಹಕ್ಕು ಅರ್ಜಿ ಹಾಕಬೇಕೇ? ಮನಿಯಾರ್ಡರ್ ಕಾಲದಲ್ಲಿ ಕಮಿಷನ್ ಕಾಟ ಇತ್ತು, ತಡವೂ ಆಗುತ್ತಿತ್ತು. ಆದರೆ ‘ಈ ತಿಂಗಳು ನಿಮ್ಮದು ಬಂದಿಲ್ಲ ಅವ್ವ’ ಎಂದು ಬಾಗಿಲಲ್ಲಿ ನಿಂತು ಹೇಳುವ ಒಬ್ಬ ಮನುಷ್ಯನಾದರೂ ಇದ್ದ. ಈಗ ಅದೇ ಅಂಚೆಯಣ್ಣನ ಕೈಲಿ ಒಂದು ಚೀಟಿ ಕಳಿಸಲಿ. ಅದರಲ್ಲಿ ಇಷ್ಟೇ ಇರಲಿ: ‘ನಿಮ್ಮ ಮಾರ್ಚ್ ತಿಂಗಳ ₹1,200 ವಾಪಸಾಗಿದೆ. ಕಾರಣ: ಕೆವೈಸಿ ಬಾಕಿ. ಆಧಾರ್ ಮತ್ತು ಪಾಸ್‌ಬುಕ್ ಹಿಡಿದು ನಿಮ್ಮ ಶಾಖೆಗೆ ಅಥವಾ ಬ್ಯಾಂಕ್ ಮಿತ್ರರ ಬಳಿಗೆ ಹೋಗಿ.’

ಇತಿ,
ಮಾಸಾಶನದ ಅರ್ಜಿ ತುಂಬಿಕೊಡುವ ಕೆಲವು ಓದುಗರು
ಕೊಪ್ಪಳ ಜಿಲ್ಲೆ