ಎದುರಿಗೆ ಕೂತವರು ಕೊಡುವ ಧೈರ್ಯ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡ ಸಂಘದ ಕಳೆದ ರಾಜ್ಯೋತ್ಸವದ ಸಂಜೆ ಪರದೆಯ ಹಿಂದೆ ನನ್ನ ಪಕ್ಕ ನಿಂತಿದ್ದ ನಮ್ಮ ಸದಸ್ಯೆಯೊಬ್ಬರು ಕೈಯಲ್ಲಿದ್ದ ಚೀಟಿಯನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರು. ಅವರದು ವಂದನಾರ್ಪಣೆ, ಎರಡೇ ನಿಮಿಷದ ಮಾತು. "ಆಫೀಸಲ್ಲಿ ವಾರಕ್ಕೆ ಮೂರು ನಾಲ್ಕು ಪ್ರೆಸೆಂಟೇಶನ್ ಕೊಡ್ತೀನಿ. ನಮ್ಮವರ ಮುಂದೆ ನಮ್ಮ ಭಾಷೇಲಿ ಮಾತಾಡೋಕೆ ಯಾಕೆ ಹೀಗೆ ಎದೆ ಹೊಡ್ಕೊಳ್ಳುತ್ತೆ?" ಎಂದು ಕೇಳಿದರು. ನನಗೆ ತಕ್ಷಣ ಉತ್ತರ ತೋಚಲಿಲ್ಲ. ವೇದಿಕೆಯಲ್ಲಿ ಚೀಟಿ ನೋಡಿಕೊಂಡೇ ಓದಿದರು. ಗಡಿಬಿಡಿಯಲ್ಲಿ ಇಬ್ಬರ ಹೆಸರು ಬಿಟ್ಟುಹೋಯಿತು. ಅದಕ್ಕಾಗಿ ವಾರವಿಡೀ ಕೊರಗಿದರು ಎಂದು ಆಮೇಲೆ ತಿಳಿಯಿತು. ಅವರ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ಅಳುಕಿಗೆ ಕನ್ನಡದಲ್ಲಿ ಸಭಾಕಂಪ ಎಂಬ ಹೆಸರಿದೆ. ಆಫೀಸಿನಲ್ಲಿ ಅರ್ಧ ಮಾತನ್ನು ಸ್ಲೈಡುಗಳೇ ಆಡಿಬಿಡುತ್ತವೆ, ಉಳಿದರ್ಧ ಕೆಲಸದ ಲೆಕ್ಕ. ಇಲ್ಲಿ ಹಾಗಲ್ಲ. ನಮ್ಮ ಊರು, ಮನೆಮಾತು, ಉಚ್ಚಾರಣೆ ಎಲ್ಲವನ್ನೂ ಬಲ್ಲವರ ಎದುರು ನಾವು ನಾವಾಗಿಯೇ ನಿಲ್ಲಬೇಕು. ಸಭೆಯೆದುರು ಹುಟ್ಟುವ ನಡುಕ ಇದು, ಹಾಗಾಗಿ ಇದರ ಮದ್ದನ್ನೂ ಸಭೆಯಲ್ಲೇ ಹುಡುಕಬೇಕು ಎಂಬುದು ನನ್ನ ನಂಬಿಕೆ.

ಹಾಗೆ ಹುಡುಕಿದವರೊಬ್ಬರು ನಮ್ಮ ಪಕ್ಕದೂರಿನಲ್ಲೇ ಇದ್ದರು. ರಾಲ್ಫ್ ಸ್ಮೆಡ್ಲಿ ವೈಎಂಸಿಎ ಎಂಬ ಯುವಕರ ಸಂಸ್ಥೆಯಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದವರು. ಅಲ್ಲಿಗೆ ಬರುವ ಯುವಕರಿಗೆ ನಾಲ್ಕು ಜನರೆದುರು ಮಾತಾಡಲು ಬರುವುದಿಲ್ಲ ಎಂಬುದನ್ನು ಗಮನಿಸಿ 1905ರಲ್ಲೇ ಇಲಿನಾಯ್‌ನ ಬ್ಲೂಮಿಂಗ್ಟನ್ನಿನಲ್ಲಿ ಒಂದು ಸಣ್ಣ ಕೂಟ ಕಟ್ಟಿದ್ದರು. 1924ರ ಅಕ್ಟೋಬರ್ 22ರಂದು ನಮ್ಮ ಪಕ್ಕದ ಸಾಂಟಾ ಆನಾದ ವೈಎಂಸಿಎ ನೆಲಮಾಳಿಗೆಯಲ್ಲಿ ಅದನ್ನೇ ಮತ್ತೆ ಆರಂಭಿಸಿದರು. ಟೋಸ್ಟ್‌ಮಾಸ್ಟರ್ಸ್ ಎಂಬ ಆ ಕೂಟ ಈಗ ಜಗತ್ತಿನ ತುಂಬ ಇದೆ. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲೂ ಇದೆ, ನಮ್ಮ ಸದಸ್ಯರಲ್ಲಿ ಕೆಲವರು ಅಲ್ಲೇ ಪಳಗಿದವರು.

ಅಲ್ಲಿನ ಮೊದಲ ಭಾಷಣ 4ರಿಂದ 6 ನಿಮಿಷದ್ದು, ವಿಷಯ ನೀವೇ. ಸಮಯ ನೋಡಿಕೊಳ್ಳುವವರು ಹಸಿರು, ಹಳದಿ, ಕೆಂಪು ದೀಪ ತೋರಿಸುತ್ತಾರೆ. ಇನ್ನೊಬ್ಬರು ನಿಮ್ಮ 'ಆ'ಗಳನ್ನು, 'ಊಂ'ಗಳನ್ನು ಎಣಿಸುತ್ತಾರೆ. ಟೇಬಲ್ ಟಾಪಿಕ್ಸ್ ಎಂಬ ಭಾಗದಲ್ಲಿ ಆಗಷ್ಟೇ ಕೊಟ್ಟ ವಿಷಯದ ಮೇಲೆ ನಿಂತ ನಿಲುವಿನಲ್ಲಿ ಒಂದೆರಡು ನಿಮಿಷ ಮಾತಾಡಬೇಕು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಮೌಲ್ಯಮಾಪಕರ ಕೆಲಸ. ಭಾಷಣ ಮುಗಿದ ಮೇಲೆ ಒಬ್ಬರು ಎದ್ದು ಯಾವುದು ಮನಸ್ಸಿಗೆ ತಟ್ಟಿತು, ಮುಂದಿನ ಸಲ ಯಾವುದನ್ನು ತಿದ್ದಿಕೊಳ್ಳಬಹುದು ಎಂದು ಎರಡು ಮೂರು ನಿಮಿಷದಲ್ಲಿ ಹೇಳುತ್ತಾರೆ. ಹಾಗೆ ಹೇಳಬೇಕಾದರೆ ಮೊದಲು ಕಿವಿಗೊಟ್ಟು ಕೇಳಿರಬೇಕಲ್ಲ. ಅಂದಹಾಗೆ, ಈ ಕೂಟಗಳ ಬಾಗಿಲು ಹೆಂಗಸರಿಗೆ ತೆರೆದದ್ದು 1973ರಲ್ಲಿ. ಅದಕ್ಕೂ ಮೊದಲೇ, 1970ರಲ್ಲಿ, ಹೆಲೆನ್ ಬ್ಲಾಂಚರ್ಡ್ ಎಂಬವರು 'ಹೋಮರ್' ಎಂಬ ಗಂಡು ಹೆಸರಿನಲ್ಲಿ ಸದಸ್ಯತ್ವ ಪಡೆದಿದ್ದರು. ಮಾತು ಕಲಿಯಲು ಹೆಸರನ್ನೇ ಬದಲಿಸಿಕೊಂಡ ಆ ತಾಯಿ 1985ರಲ್ಲಿ ಇಡೀ ಸಂಸ್ಥೆಯ ಅಧ್ಯಕ್ಷರಾದರು.

ಆದರೆ ಕೇಳುವವರು ಏನು ಮಾಡಬಲ್ಲರು ಎಂಬುದನ್ನು ನಾನು ಕಲಿತದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಪುತ್ತೂರಿನ ಕಡೆಯ ನಮ್ಮ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ. ಆಗ ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಎದುರು ಬದುರು ಕುಳಿತ ಅರ್ಥಧಾರಿಗಳು ಅದರ ಎಳೆ ಹಿಡಿದು ಪಾತ್ರವಾಗಿ ಮಾತಾಡಬೇಕು. ಆ ಮಾತಿಗೇ 'ಅರ್ಥ' ಎನ್ನುವುದು. ಬರೆದುಕೊಂಡು ಬಂದ ಸಂಭಾಷಣೆ ಅಲ್ಲಿರುವುದಿಲ್ಲ. ಬಾಣ ನಾಟಿಸಿಕೊಂಡು ಬಿದ್ದ ವಾಲಿ ಯಾವ ಪ್ರಶ್ನೆ ಎತ್ತುತ್ತಾನೋ ಅದಕ್ಕೆ ತಕ್ಕ ಉತ್ತರವನ್ನು ರಾಮನಾದವನು ಆ ಗಳಿಗೆಯಲ್ಲೇ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದ ಸೀಮೆ ನಮ್ಮದು. ನಮ್ಮೂರಿನಲ್ಲಿ ಅರ್ಥ ಹೇಳುತ್ತಿದ್ದವರು ಮಾತ್ರ ಅಡಿಕೆ ತೋಟದವರು, ಅಂಗಡಿ ಇಟ್ಟವರು, ಶಾಲೆ ಮಾಸ್ತರರು.

ಹದಿನಾಲ್ಕು ವರ್ಷಕ್ಕೆ ನನಗೊಂದು ದೂತನ ಪಾತ್ರ ಸಿಕ್ಕಿತು. ಹೇಳಬೇಕಾದದ್ದು ಐದಾರು ವಾಕ್ಯ, ಎರಡು ದಿನ ಬಾಯಿಪಾಠ ಮಾಡಿದ್ದೆ. ಪದ್ಯ ಮುಗಿದು ಮದ್ದಳೆ ನಿಂತಿತು. ಹೊರಗೆ ಮಳೆ ಹೊಯ್ಯುವುದು ಕೇಳಿಸುತ್ತಿತ್ತು, ಬಾಯಿಂದ ಒಂದಕ್ಷರ ಹೊರಡಲಿಲ್ಲ. ಎದುರಿಗೆ ರಾಜನ ಪಾತ್ರದಲ್ಲಿ ಕುಳಿತಿದ್ದ ಹಿರಿಯರು ನನ್ನನ್ನು ಒಂದು ಕ್ಷಣ ನೋಡಿದರು. ಅದೇ ಗಾಂಭೀರ್ಯದಲ್ಲಿ, "ದೂತನೇ, ದೂರದ ದಾರಿ ನಡೆದು ದಣಿದಂತೆ ಕಾಣುತ್ತೀ. ಸುಧಾರಿಸಿಕೋ. ನಿನ್ನನ್ನು ಕಳುಹಿಸಿದವರು ಯಾರು ಎಂಬಷ್ಟನ್ನು ಮೊದಲು ಹೇಳು" ಎಂದರು. ಅಷ್ಟು ನನಗೆ ಗೊತ್ತಿತ್ತು, ಹೇಳಿದೆ. "ಅವರು ಕ್ಷೇಮವೇ?" ಎಂದರು. ಹೌದೆಂದೆ. "ಹಾಗಾದರೆ ಇಷ್ಟು ಅವಸರದಲ್ಲಿ ನಿನ್ನನ್ನು ಅಟ್ಟಿದ್ದೇಕೆ?" ಉಳಿದ ವಾಕ್ಯಗಳೆಲ್ಲ ತಾವಾಗಿಯೇ ಬಂದವು. ನಾನು ತಡವರಿಸಿದ್ದು ಸಭೆಯಲ್ಲಿ ಅನೇಕರಿಗೆ ಗೊತ್ತೇ ಆಗಲಿಲ್ಲ. ದೂತ ದಣಿದಿದ್ದಾನೆ ಎಂದೇ ಅವರು ತಿಳಿದರು. ಆ ಹಿರಿಯರು ಮುಂದೆಂದೂ ಆ ವಿಷಯ ಎತ್ತಲಿಲ್ಲ. ಮುಂದಿನ ತಿಂಗಳು ಮಾತ್ರ ಇನ್ನೂ ಸ್ವಲ್ಪ ದೊಡ್ಡ ಪಾತ್ರ ಕೊಡಿಸಿದರು.

ಆತ್ಮವಿಶ್ವಾಸ ಎಂಬ ಪದದಲ್ಲಿ 'ಆತ್ಮ' ಇರುವುದರಿಂದ ಅದು ಒಳಗಿನಿಂದಲೇ ಬರಬೇಕು ಎಂದುಕೊಳ್ಳುತ್ತೇವೆ. ನನಗೆ ಅದು ಎದುರಿಗೆ ಕೂತವರಿಂದ ಬಂತು.

ಇನ್ನೊಂದು ಮಾತನ್ನೂ ಆ ಸದಸ್ಯೆಗೆ ಹೇಳಬೇಕಿತ್ತು. ನಮ್ಮ ಎದೆಬಡಿತ, ಒಣಗಿದ ಗಂಟಲು, ಕೈನಡುಕ ಎಲ್ಲರಿಗೂ ಕಾಣುತ್ತಿದೆ ಎಂಬ ಭಾವನೆಯೇ ಅರ್ಧ ಭಯ. ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಇದನ್ನೇ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ತಾವು ಎಷ್ಟು ಗಾಬರಿಯಾಗಿ ಕಂಡೆವು ಎಂದು ಭಾಷಣಕಾರರು ಅಂದಾಜಿಸುತ್ತಾರೋ, ಕೇಳುಗರಿಗೆ ಅದಕ್ಕಿಂತ ಕಡಿಮೆಯೇ ಕಂಡಿರುತ್ತದೆ. ಈ ಸಂಗತಿಯನ್ನು ಮೊದಲೇ ತಿಳಿಸಿ ವೇದಿಕೆಗೆ ಕಳಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರಂತೆ. ನಮ್ಮ ಸದಸ್ಯೆ ಬಿಟ್ಟ ಎರಡು ಹೆಸರುಗಳನ್ನೂ ಆ ದಿನ ಸಭೆಯಲ್ಲಿ ಗಮನಿಸಿದವರು ಬಹಳ ಇರಲಿಕ್ಕಿಲ್ಲ.

ಈಗ ನಮ್ಮ ಸಭೆಗಳ ಮಾತಿಗೆ ಬರೋಣ. ನಮ್ಮಲ್ಲಿ ಮೈಕು ಸಿಗುವುದು ಅಧ್ಯಕ್ಷರಿಗೆ, ಅತಿಥಿಗಳಿಗೆ, ಪ್ರತಿವರ್ಷ ಅದೇ ನಿರೂಪಕರಿಗೆ. ಹೊಸಬರಿಗೆ ಸಿಕ್ಕಾಗ ಮೂರು ನೂರು ಜನ ತುಂಬಿದ ಸಭಾಂಗಣ, ಹಿಂದಿನ ಸಾಲುಗಳಲ್ಲಿ ಗುಜುಗುಜು, ಹೊರಗೆ ಊಟದ ಸಾಲು ಆಗಲೇ ಶುರು. ಈಜು ಕಲಿಯುವವರನ್ನು ತುಂಬಿದ ಹೊಳೆಗೆ ಇಳಿಸಿದಂತೆ ಇದು. ಮಕ್ಕಳ ಮೇಲಂತೂ ನನಗೆ ಮರುಕ. ಕನ್ನಡದಲ್ಲಿ ಧೈರ್ಯ ಮಾಡಿ ನಾಲ್ಕು ವಾಕ್ಯ ಆಡಿದ ಮಗು ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ನಾವು ದೊಡ್ಡವರು ನಕ್ಕುಬಿಡುತ್ತೇವೆ. ಪ್ರೀತಿಯ ನಗುವೇ ಇರಬಹುದು. ಮಗುವಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಮುಂದಿನ ವರ್ಷ ಅದು ವೇದಿಕೆಗೆ ಬರುವುದಿಲ್ಲ.

ಹಾಗಾಗಿ ಬರುವ ತಿಂಗಳಿಂದ ಪ್ರತಿ ಎರಡನೇ ಶನಿವಾರ ಸಂಜೆ ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಸೇರೋಣ ಎಂದು ಕಾರ್ಯಕಾರಿ ಸಮಿತಿ ಒಪ್ಪಿದೆ. ಹದಿನೈದು ಕುರ್ಚಿ, ಮೈಕು ಬೇಡ. ಒಬ್ಬೊಬ್ಬರಿಗೆ ಐದು ನಿಮಿಷ, ಮನೆಯಲ್ಲಿ ಆಡುವ ಕನ್ನಡದಲ್ಲೇ. ಧಾರವಾಡದ್ದೋ ಮಂಗಳೂರಿನದ್ದೋ ಮಂಡ್ಯದ್ದೋ, ನಿಮ್ಮದು ಯಾವುದೋ ಅದು. 'ಆಕ್ಚುಯಲಿ', 'ಅಂದ್ರೆ', 'ಏನಂದ್ರೆ' ಎಣಿಸಲು ಒಬ್ಬರಿರುತ್ತಾರೆ, ಲೆಕ್ಕವನ್ನು ಮಾತಾಡಿದವರ ಕಿವಿಯಲ್ಲಷ್ಟೇ ಹೇಳುತ್ತಾರೆ. ಯಾರಾದರೂ ನಡುವೆ ನಿಂತುಬಿಟ್ಟರೆ ಕೇಳುವವರಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಬೇಕು. ಇದೊಂದೇ ಕಡ್ಡಾಯ ನಿಯಮ, ಇದನ್ನು ಸೇರಿಸಿ ಎಂದು ಹಟ ಹಿಡಿದದ್ದು ನಾನು.

ಈವರೆಗೆ ಆರು ಮಂದಿ ಹೆಸರು ಕೊಟ್ಟಿದ್ದಾರೆ. ವಂದನಾರ್ಪಣೆಯ ಸದಸ್ಯೆಯೂ ಅವರಲ್ಲಿದ್ದಾರೆ. ಇನ್ನೊಬ್ಬರು ಮಗಳ ಬಾಣಂತನಕ್ಕೆಂದು ಸಾಗರದಿಂದ ಬಂದಿರುವ ಎಪ್ಪತ್ತು ದಾಟಿದ ತಾಯಿ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಬಗೆಯನ್ನು ಹೇಳುತ್ತಾರಂತೆ. ಜನ್ಮದಲ್ಲಿ ಸಭೆ ಮುಂದೆ ನಿಂತವಳಲ್ಲ, ಎಲ್ಲ ಬರೆದುಕೊಂಡು ಬರಲಾ ಎಂದು ಮೊನ್ನೆ ಫೋನಿನಲ್ಲಿ ವಿಚಾರಿಸಿದರು.

"ನಾಲ್ಕು ಸಾಲು ಬರೆದುಕೊಳ್ಳಿ ಸಾಕು ಅಮ್ಮಾ" ಎಂದೆ. "ಉಳಿದದ್ದನ್ನು ನಾವೇ ಕೇಳುತ್ತೇವೆ."